ರುಬೀನಾ ಯಾವ ಕಾಲೇಜಿಗೆ ಹೋಗಬೇಕು?

ನಾನು ನಿವೃತ್ತಳಾಗಿ ಇಪ್ಪತ್ತು ದಿನ ಕಳೆದಿರಬೇಕು. ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದೆ. ಬಾಗಿಲಿಗೆ ದಸ್ತಗೀರಸಾಬ್ ಬಂದು ನಿಂತರು. ನರಗುಂದದಲ್ಲಿ ಅವರದು ಬಳೆ ಅಂಗಡಿ. ಅವರ ಹಿಂದೆ ಮಗಳು ರುಬೀನಾ, ಒಂದು ಪ್ಲಾಸ್ಟಿಕ್ ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಬಾಯಾರ, ಇಕಿಗೆ ಎರಡು ಕಡೆ ಸೀಟು ಸಿಕ್ಕಾವ್ರಿ. ನಾಕ್ ದಿನದಾಗ ಒಂದು ಹಿಡೀಬೇಕು, ಒಂದು ಬಿಡಬೇಕು. ಯಾವದು ಅಂತ ನೀವ ಹೇಳಬೇಕ್ರಿ" ಎಂದರು.

ನಮ್ಮ ಕಡೆ ಹೆಣ್ಣು ಡಾಕ್ಟರನ್ನು ಬಾಯಾರು ಎನ್ನುತ್ತಾರೆ. ನಾನು ಹಲ್ಲಿನ ಡಾಕ್ಟರಾದ್ದರಿಂದ ರೋಣ, ನರಗುಂದ ತಾಲ್ಲೂಕುಗಳಿಗೆಲ್ಲ ಹಲ್ಲಿನ ಬಾಯಾರು ಆಗಿದ್ದೆ. ಮೈಸೂರು ಕಡೆಯಿಂದ ಹೊಸದಾಗಿ ಬಂದ ವೈದ್ಯರೊಬ್ಬರು ಈ ಹೆಸರು ಕೇಳಿ ಎರಡು ದಿನ ನಕ್ಕಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಆ ಹೆಸರಿನಲ್ಲೇ ಸರಕಾರಿ ದವಾಖಾನೆಗಳಲ್ಲಿ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಈಗ ದಂತವೈದ್ಯಕೀಯ ಓದಲು ಹೊರಟಿರುವ ಮಕ್ಕಳು ಮೊದಲು ಕೇಳುವುದೇ ಇದನ್ನು. ಅವರಿಗಾಗಿ ಆ ನಾಲ್ಕು ದಿನಗಳ ವಿಷಯವನ್ನೂ ಆಗ ನನಗೆ ನೆನಪಾದ ಹಳೆಯ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ರುಬೀನಾ ಫೈಲು ತೆರೆದಳು. ಒಂದು ಸೀಟು ರಾಜ್ಯದ ಕೌನ್ಸೆಲಿಂಗ್ ಸುತ್ತಿನಲ್ಲಿ ಬಂದಿತ್ತು. ಅದು ನಮ್ಮೂರಿನಿಂದ ಮೂರು ತಾಸಿನ ದಾರಿಯ ಹಳೆಯ ಕಾಲೇಜು. ಇನ್ನೊಂದು ಡೀಮ್ಡ್ ವಿಶ್ವವಿದ್ಯಾಲಯದ ಹೊಸ ಕಾಲೇಜು, ಸ್ವಲ್ಪ ದೂರ. "ಫೀ ಮಾತು ನಮ್ಮನ್ಯಾಗ ಮುಗದೈತ್ರಿ, ಅದನ್ನ ನೀವು ತಲ್ಯಾಗ ಇಟ್ಕೋಬ್ಯಾಡ್ರಿ" ಎಂದು ತಂದೆ ಮೊದಲೇ ಹೇಳಿಬಿಟ್ಟರು.

"ನನಗ ಮುಂದ ಆರ್ಥೊ ಮಾಡೂದೈತ್ರಿ ಮೇಡಂ" ಎಂದಳು ರುಬೀನಾ. ಆರ್ಥೊ ಎಂದರೆ ವಕ್ರ ಹಲ್ಲುಗಳಿಗೆ ತಂತಿ ಹಾಕಿ ಸಾಲಿಗೆ ತರುವ, ದವಡೆಯ ಬೆಳವಣಿಗೆಯನ್ನು ತಿದ್ದುವ ವಿಭಾಗ. "ಹೊಸ ಕಾಲೇಜಿನ್ಯಾಗ ಆರ್ಥೊ ಪಿ.ಜಿ. ಐತಿ. ಹಳೇದರಾಗ ಇಲ್ಲ."

ಅವಳಿಗೆ ಆ ವಿಭಾಗವೇ ಯಾಕೆ ಬೇಕೆಂದು ನಾನು ಕೇಳಲಿಲ್ಲ. ಹದಿನೇಳು ವರ್ಷಗಳ ಹಿಂದೆ ನರಗುಂದದ ದವಾಖಾನೆಯಲ್ಲಿ ಅವಳು ಹುಟ್ಟಿದಾಗ ಹೆರಿಗೆ ಕೋಣೆಯಿಂದ ನರ್ಸ್ ಓಡಿ ಬಂದು ನನ್ನನ್ನು ಕರೆದಿದ್ದಳು. ಕೂಸಿನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು, ಒಳಗೆ ಅಂಗುಳೂ ಸೀಳಿತ್ತು. ಅಜ್ಜಿ ಗೋಡೆಗೆ ಮುಖ ಮಾಡಿ ಕುಳಿತು, ಗ್ರಹಣದ ದಿನ ಸೊಸೆ ಈಳಿಗೆ ಮುಟ್ಟಿದ್ದಳೆಂದು ಅಳುತ್ತಿದ್ದಳು. ನಾನು ಕೂಸನ್ನು ತಾಯಿಯ ಕೈಗೆ ಕೊಟ್ಟು, "ಗ್ರಹಣಾನೂ ಅಲ್ಲ, ಈಳಿಗೀನೂ ಅಲ್ಲ. ಇದು ಹೊಲಿದ್ರ ಕೂಡತೈತಿ. ಮೊದ್ಲ ಹಾಲು ಹ್ಯಾಂಗ ಕುಡಸೂದು ಅನ್ನೂದನ್ನ ಕಲೀರಿ" ಎಂದೆ. ಚಮಚದಿಂದ ಹನಿ ಹನಿಯಾಗಿ ಹಾಲು ಕುಡಿಸುವುದನ್ನು ಮೂರು ದಿನ ಕೂತು ಕಲಿಸಿದೆ. ನಾಲ್ಕನೆಯ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ತುಟಿ ಹೊಲಿದರು, ಆಮೇಲೆ ಅಂಗುಳು. ಆದರೆ ಹೊಲಿದ ಬಾಯಲ್ಲಿ ಬೆಳೆದ ಹಲ್ಲುಗಳು ಸಾಲಿಗೆ ಬರಲಿಲ್ಲ. ತಂತಿ ಬಿಗಿಸಲು ತಂದೆ ತಿಂಗಳು ತಿಂಗಳು ಅಂಗಡಿ ಮುಚ್ಚಿ ಮಗಳನ್ನು ಹುಬ್ಬಳ್ಳಿ ಬಸ್ಸಿಗೆ ಕರೆದೊಯ್ಯುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು. ಗಜೇಂದ್ರಗಡ, ರೋಣ, ನರಗುಂದ ಈ ಮೂರು ಊರುಗಳಲ್ಲಿ ಆ ಕೆಲಸ ಬಲ್ಲವರು ಆಗ ಒಬ್ಬರೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ಕ್ಷಣ ಯೋಚಿಸದೆ, "ಹಳೇ ಕಾಲೇಜು ಹಿಡಿ" ಎಂದುಬಿಟ್ಟೆ.

ರುಬೀನಾಳ ಮುಖ ಬಾಡಿತು. "ಯಾಕ್ರಿ?" ಎಂದಳು.

ಯಾಕೆಂದು ಹೇಳಬೇಕಾದರೆ ನನ್ನ ಕಥೆಯನ್ನೇ ಹೇಳಬೇಕಿತ್ತು. ಹೇಳಿದೆ. ನನ್ನ ಕಾಲದಲ್ಲೂ ನನಗೆ ಎರಡು ಕಡೆ ಕರೆ ಬಂದಿತ್ತು. ನನಗೆ ದವಡೆಯ ಶಸ್ತ್ರಚಿಕಿತ್ಸೆ ಕಲಿಯುವ ಹುಚ್ಚು. ಒಂದು ಕಾಲೇಜಿನಲ್ಲಿ ಆ ವಿಭಾಗಕ್ಕೆ ಹೆಸರಾಂತ ಪ್ರೊಫೆಸರರೊಬ್ಬರು ಇದ್ದಾರೆಂದು ಕೇಳಿ ಅಲ್ಲಿಗೇ ಸೇರಿದೆ. ನಾನು ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಅವರು ಬೇರೆ ಊರಿಗೆ ಹೋದರು. ನಾನು ಆರಿಸಿಕೊಂಡದ್ದು ಕಾಲೇಜನ್ನಲ್ಲ, ಒಬ್ಬ ಮನುಷ್ಯನನ್ನು ಎಂಬುದು ಆಗ ತಿಳಿಯಿತು. ಉಳಿದದ್ದು ಚೆಂದದ ಕಟ್ಟಡ, ಒಳ್ಳೆಯ ಗ್ರಂಥಾಲಯ, ಖಾಲಿ ಕುರ್ಚಿಗಳು. ಊರ ಹೊರಗಿನ ಆ ಕಾಲೇಜಿಗೆ ರೋಗಿಗಳು ಬರುತ್ತಿರಲಿಲ್ಲ. ಪರೀಕ್ಷೆಯ ದಿನ ಹಲ್ಲು ಕೀಳಲು ಒಬ್ಬ ರೋಗಿಯನ್ನು ಹುಡುಕಿ ತರುವುದೇ ನಮಗೆ ಪರೀಕ್ಷೆಗಿಂತ ದೊಡ್ಡ ಪರೀಕ್ಷೆಯಾಗಿತ್ತು. ಪದವಿ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯ ಪಿ.ಜಿ. ಸೀಟು ನನಗೆ ಸಿಗಲಿಲ್ಲ, ಸರಕಾರಿ ಕೆಲಸ ಸಿಕ್ಕಿತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಹನಮವ್ವ ಎಂಬ ಹೆಣ್ಣುಮಗಳು ಬಂದಳು. ನರೇಗಲ್ಲಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ನಾಲಿಗೆಯ ಅಂಚಿನಲ್ಲಿ ಹುಣ್ಣು. ಪಕ್ಕದ ದವಡೆ ಹಲ್ಲು ಮುರಿದು ಚೂಪಾಗಿತ್ತು. ಹಲ್ಲು ತಾಗಿ ಹುಣ್ಣಾಗಿದೆ ಎಂದುಕೊಂಡು ಆ ಚೂಪನ್ನು ಉಜ್ಜಿ ನಯ ಮಾಡಿದೆ, ನೇರಳೆ ಔಷಧ ಹಚ್ಚಿ ಕಳಿಸಿದೆ. ಅಷ್ಟರಮಟ್ಟಿಗೆ ನಾನು ಮಾಡಿದ್ದು ತಪ್ಪಲ್ಲ. ತಪ್ಪು ಮುಂದಿನದು. ಎರಡು ವಾರ ಬಿಟ್ಟು ಬಾ ಎಂದು ಹೇಳಲಿಲ್ಲ. ಹುಣ್ಣಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಲಿಲ್ಲ. ಮುಟ್ಟಿದ್ದರೆ ಅದು ಗಟ್ಟಿಯಾಗಿದ್ದದ್ದು ತಿಳಿಯುತ್ತಿತ್ತು. ತಂಬಾಕು ಹಾಕುತ್ತೀಯಾ ಎಂದು ಕೇಳಲಿಲ್ಲ. ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಅಂಥ ನಾಲಿಗೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಐದು ತಿಂಗಳ ಮೇಲೆ ಅವಳು ಮತ್ತೆ ಬಂದಾಗ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಹುಬ್ಬಳ್ಳಿಗೆ ನಾನೇ ಜೊತೆಗೆ ಹೋದೆ. ಕ್ಯಾನ್ಸರ್ ಎಂದರು. ನಾಲಿಗೆಯ ಅರ್ಧ ತೆಗೆದರು. ಹನಮವ್ವ ಬದುಕಿದಳು. ಮತ್ತೆ ಸಂತೆಯಲ್ಲಿ ಕುಳಿತಳು, ಬೆರಳು ತೋರಿಸಿ ದರ ಹೇಳುತ್ತಿದ್ದಳು. ನನ್ನನ್ನು ಕಂಡರೆ ಮೆಂತ್ಯ ಸೊಪ್ಪಿನ ಒಂದು ಸಿವುಡು ಚೀಲಕ್ಕೆ ತುರುಕುತ್ತಿದ್ದಳು. ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಬೈಯುವ ನಾಲಿಗೆಯೂ ಅವಳಿಗೆ ಉಳಿದಿರಲಿಲ್ಲ.

ಅಂದಿನಿಂದ ಹುಳುಕು ಹಲ್ಲಿಗೆ ಬಂದವರಿರಲಿ, ಸರ್ಟಿಫಿಕೇಟಿಗೆ ಬಂದವರಿರಲಿ, ನಾಲಿಗೆ ಎತ್ತಿಸಿ, ಕೆನ್ನೆ ಸರಿಸಿ, ಎಲ್ಲ ಕಡೆ ನೋಡದೆ ಯಾರನ್ನೂ ಕುರ್ಚಿಯಿಂದ ಇಳಿಸಿದವಳಲ್ಲ ನಾನು. ಬಸ್ಸು ತಪ್ಪುತ್ತದೆಂದು ಜನ ಗೊಣಗುತ್ತಿದ್ದರು. ಗೊಣಗಲಿ ಎಂದು ಬಿಟ್ಟುಬಿಡುತ್ತಿದ್ದೆ.

"ಹಳೇ ಕಾಲೇಜಿನ್ಯಾಗ ದಿನಾ ನೂರಾರು ಮಂದಿ ಬರ್ತಾರ" ಎಂದೆ ರುಬೀನಾಗೆ. "ನೋಡಿ ನೋಡಿ ಕಣ್ಣು ಪಳಗಬೇಕು. ಆರ್ಥೊ ಆಮ್ಯಾಲಿನ ಮಾತು. ಪಿ.ಜಿ.ಗೆ ಬ್ಯಾರೇನ ಪರೀಕ್ಷಾ ಐತಿ. ನೀ ಎಲ್ಲಿ ಬಿ.ಡಿ.ಎಸ್. ಮಾಡಿದಿ ಅಂತ ಅಲ್ಲಿ ಯಾರೂ ಕೇಳಂಗಿಲ್ಲ."

ಅವಳು ತಲೆ ಅಲ್ಲಾಡಿಸಿದಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ದಸ್ತಗೀರಸಾಬರ ಚಿಂತೆಯೇ ಬೇರೆ. "ಅಷ್ಟು ಮಂದಿ ಹಲ್ಲು ಕೀಳೂದು ಹುಡುಗಿ ಕೈಲೆ ಆಗತೈತೇನ್ರಿ? ದವಡಿ ಹಲ್ಲು ಭಾಳ ಗಟ್ಟಿ ಇರ್ತಾವು" ಎಂದರು.

ನನಗೆ ನಗು ಬಂತು. ರೋಣದ ದವಾಖಾನೆಗೆ ವರ್ಗವಾಗಿ ಬಂದ ಹೊಸದರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿ ಹೊಸಮನಿ ಸರ್ ಕೇಳಿದ್ದೂ ಇದೇ ಮಾತು. ಕೇಳಿದ್ದು ನನ್ನನ್ನಲ್ಲ, ನನ್ನೆದುರಿಗೇ ಕಂಪೌಂಡರನನ್ನು. "ಹೆಣ್ಮಗಳನ್ನ ಕಳಸ್ಯಾರಲ್ಲೋ, ಹಲ್ಲು ಕೀಳಾಕ ನಿನ್ನ ಕರೀಬೇಕಾಗತೈತಿ ನೋಡು" ಎಂದಿದ್ದರು. ಅದೇ ವಾರ ಗರಡಿಯ ಪೈಲ್ವಾನನೊಬ್ಬ ಬಾತ ಕೆನ್ನೆ ಹಿಡಿದುಕೊಂಡು ಬಂದ. ಕುರ್ಚಿ ಅವನಿಗೆ ಸಾಲುತ್ತಿರಲಿಲ್ಲ. ಸರ್ ಬಾಗಿಲಲ್ಲಿ ಕೈಕಟ್ಟಿ ನಿಂತರು. ನಾನು ಸೂಜಿ ಎತ್ತಿದೆನೋ ಇಲ್ಲವೋ, ಪೈಲ್ವಾನ ಕಣ್ಣು ಮೇಲಕ್ಕೆ ಮಾಡಿ ಕುರ್ಚಿಯಲ್ಲೇ ಕುಸಿದ. ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಅವನ ಕಾಲು ಎತ್ತಿ ಹಿಡಿಯಿರಿ ಎಂದು ಸರ್‌ಗೇ ಹೇಳಿದೆ. ಆ ಕಾಲುಗಳ ಭಾರಕ್ಕೆ ಅವರು ಬೆವತರು. ಎಚ್ಚರವಾದ ಮೇಲೆ ಪೈಲ್ವಾನನೊಡನೆ ಮೆಲ್ಲಗೆ ಅವನ ಕುಸ್ತಿಯ ಮಾತು ತೆಗೆದು, ಸೂಜಿ ಕೊಟ್ಟು, ಜೋಮು ಹಿಡಿಯುವವರೆಗೆ ಕಾದು, ಹಲ್ಲನ್ನು ಅತ್ತ ಇತ್ತ ಸಡಿಲಿಸಿ ತೆಗೆದೆ. "ಆತೇನ್ರಿ? ನನಗ ಗೊತ್ತಽ ಆಗಲಿಲ್ಲಲ್ರಿ" ಎಂದ ಅವನು.

ಹಲ್ಲು ಬರುವುದು ತೋಳಿನ ಬಲದಿಂದಲ್ಲ. ಮೂಳೆ ಯಾವ ಕಡೆ ಸಡಿಲಾಗುತ್ತದೆ ಎಂಬುದನ್ನು ಬೆರಳು ಕೇಳಿಸಿಕೊಳ್ಳಬೇಕು, ಮತ್ತು ಆತುರ ಮಾಡಬಾರದು. ಹೊಸಮನಿ ಸರ್ ಅಂದು ಬೆವರು ಒರೆಸಿಕೊಂಡು ಹೊರಗೆ ಹೋದರು. ತಿಂಗಳೊಳಗೆ ನನಗೆ ಹೊಸ ಕುರ್ಚಿ ಬೇಕೆಂದು ತಾವೇ ಜಿಲ್ಲೆಗೆ ಬರೆದರು. ಅದು ಬರುವವರೆಗೆ ನಾಲ್ಕು ಸಲ ನೆನಪಿನ ಪತ್ರವನ್ನೂ ಕಳಿಸಿದರು. ಒರಟು ಮಾತಿನವರು, ಆದರೆ ಕಣ್ಣಾರೆ ಕಂಡದ್ದನ್ನು ಒಪ್ಪಿಕೊಳ್ಳುವವರು. ಅಂಥ ಮೇಲಧಿಕಾರಿ ಸಿಕ್ಕಿದರೆ ಅವರ ಮೊದಲ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನಾನು ಹೊಸಬರಿಗೆ ಹೇಳುವುದುಂಟು.

ದಸ್ತಗೀರಸಾಬ್ ನಕ್ಕರು. ಆದರೆ ಪ್ರಶ್ನೆ ಹಾಗೇ ಉಳಿಯಿತು. ಚಹಾ ಕುಡಿಯುವಾಗ ನನಗೇ ಅನಿಸಿತು: ಎರಡೂ ಕಾಲೇಜುಗಳನ್ನು ನಾನೂ ನೋಡಿಲ್ಲ, ಅವಳೂ ನೋಡಿಲ್ಲ. ಅವಳು ಫೋನಿನಲ್ಲಿ ಚಿತ್ರ ನೋಡಿದ್ದಾಳೆ, ನಾನು ಹನಮವ್ವನನ್ನು ನೋಡಿದ್ದೇನೆ. "ನಾಳೆ ಹಳೇದಕ್ಕ ಹೋಗೂಣು, ನಾಡದ ಹೊಸದಕ್ಕ" ಎಂದೆ.

ಹಳೆಯ ಕಾಲೇಜಿಗೆ ನಾವು ಮೂವರು ಬೆಳಿಗ್ಗೆ ಒಂಬತ್ತೂವರೆಗೆ ಮುಟ್ಟಿದೆವು. ಹೊರರೋಗಿಗಳ ಸಾಲು ಮೆಟ್ಟಿಲಿಳಿದು ಅಂಗಳಕ್ಕೆ ಬಂದಿತ್ತು. ಕೆನ್ನೆಗೆ ಟವೆಲ್ ಕಟ್ಟಿಕೊಂಡವರು, ಅಳುವ ಮಕ್ಕಳು, ಬುತ್ತಿ ಹಿಡಿದು ಹಳ್ಳಿಯಿಂದ ಬಂದ ಮುದುಕರು. ಒಳಗೆ ಕುರ್ಚಿಗಳ ರೆಕ್ಸಿನ್ ಹರಿದಿತ್ತು, ಎರಡು ಕುರ್ಚಿಗಳ ದೀಪ ಕೆಟ್ಟು ವಿದ್ಯಾರ್ಥಿಗಳು ಟಾರ್ಚು ಹಿಡಿದಿದ್ದರು. ಆದರೆ ಹಲ್ಲು ಕೀಳುವ ಇಕ್ಕಳಗಳೆಲ್ಲ ಸರಿಯಾಗಿ ಹಬೆಯಲ್ಲಿ ಶುದ್ಧವಾಗಿ, ಮುಚ್ಚಿದ ಪೊಟ್ಟಣಗಳಲ್ಲಿ ಬರುತ್ತಿದ್ದವು. ನಾನು ಮೊದಲು ನೋಡಿದ್ದೇ ಅದನ್ನು. ನಾವು ಕೆಲಸಕ್ಕೆ ಸೇರಿದಾಗ ಸ್ಟೋವಿನ ಮೇಲೆ ಡಬ್ಬಿಯಲ್ಲಿ ನೀರು ಕುದಿಸಿ ಅದರೊಳಗೆ ಗಾಜಿನ ಸಿರಿಂಜು ಹಾಕುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದೆವು. ಕರೆಂಟು ಹೋದರೆ ಹಲ್ಲು ಕೊರೆಯುವ ಯಂತ್ರವನ್ನು ಹೊಲಿಗೆ ಮಷೀನಿನ ಹಾಗೆ ಕಾಲಿನಿಂದ ತುಳಿಯಬೇಕಿತ್ತು. ಇವತ್ತಿನ ಮಕ್ಕಳಿಗೆ ಅದನ್ನು ಹೇಳಿದರೆ ನಂಬುವುದಿಲ್ಲ. ನಮ್ಮ ಕೈಯಲ್ಲಿ ಎಷ್ಟು ಜನ ಹೆಚ್ಚಿನ ನೋವು ತಿಂದರೋ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಕೊನೆಯ ವರ್ಷದ ಹುಡುಗಿಯೊಬ್ಬಳು ಕೈಗವಸು ಬಿಚ್ಚುತ್ತ ಹೊರಗೆ ಬಂದಳು. "ನೀ ಎಷ್ಟು ಹಲ್ಲು ಕಿತ್ತೀಯವ್ವಾ ಇಲ್ಲೀತನಕ?" ಎಂದು ಕೇಳಿದೆ.

"ಎಣಸೂದ ಬಿಟ್ಟೇನ್ರಿ" ಎಂದಳು.

"ಆರ್ಥೊ ಹ್ಯಾಂಗ ಕಲಸ್ತಾರ?" ಎಂದು ರುಬೀನಾ ಕೇಳಿದಳು.

"ಕಲಸ್ತಾರ, ಆದ್ರ ಇರೂದು ಒಬ್ರ ಮೇಡಂ. ಹಾಸ್ಟೆಲಿನ್ಯಾಗ ಎರಡು ದಿನಕ್ಕೊಮ್ಮೆ ನೀರು ಬರ್ತೈತಿ. ಅದನ್ನೂ ಕೇಳ್ಕೊಂಡ ಹೋಗ್ರಿ" ಎಂದು ಆ ಹುಡುಗಿ ನಕ್ಕು ಒಳಗೆ ಓಡಿದಳು.

ದಸ್ತಗೀರಸಾಬ್ ಹಾಸ್ಟೆಲಿನ ಬಚ್ಚಲು ನೋಡಿ ಬಂದರು. ಅವರ ಮುಖವೇ ಎಲ್ಲವನ್ನೂ ಹೇಳಿತು.

ಮಾರನೆಯ ದಿನ ಬುಧವಾರ, ಹೊಸ ಕಾಲೇಜು. ಬಾಗಿಲು ತಾನಾಗಿ ತೆರೆಯಿತು, ಒಳಗೆ ತಂಪು. ಒಂದು ದೊಡ್ಡ ಕೋಣೆಯಲ್ಲಿ ಸಾಲಾಗಿ ರಬ್ಬರಿನ ಮುಖಗಳು ಬಾಯಿ ತೆರೆದು ಕುಳಿತಿದ್ದವು. ವಿದ್ಯಾರ್ಥಿಗಳು ಅವುಗಳ ಮೇಲೆ ಕೈ ಪಳಗಿಸುತ್ತಿದ್ದರು. ಇಡೀ ದವಡೆಯನ್ನು ಸುತ್ತ ತಿರುಗಿಸಿ ತೋರಿಸುವ ಎಕ್ಸ್‌ರೇ ನೋಡಿ ನನಗೇ ಮತ್ತೊಮ್ಮೆ ವಿದ್ಯಾರ್ಥಿಯಾಗುವ ಆಸೆಯಾಯಿತು. ಆದರೆ ರೋಗಿಗಳ ಕುರ್ಚಿಗಳಲ್ಲಿ ಹೆಚ್ಚಿನವು ಖಾಲಿ. ಅಲ್ಲಿನ ಹುಡುಗನೊಬ್ಬನಿಗೂ ಅದೇ ಪ್ರಶ್ನೆ ಕೇಳಿದೆ. ಅವನು ಪಕ್ಕದ ಇಬ್ಬರ ಕಡೆ ಕೈ ತೋರಿಸಿ, "ಒಂದು ಹಲ್ಲಿಗೆ ನಾವು ಮೂವರು ಮೇಡಂ. ಒಬ್ಬ ಕೀಳ್ತಾನೆ, ಇಬ್ಬರು ನೋಡ್ತೀವಿ" ಎಂದ. ನಾನು ರುಬೀನಾಳ ಕಡೆ ಗೆದ್ದವಳಂತೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ಪ್ರತಿ ಬುಧವಾರ ಆ ಕಾಲೇಜಿನಲ್ಲಿ ಸೀಳುತುಟಿಯ ಮಕ್ಕಳ ಚಿಕಿತ್ಸೆ ನಡೆಯುತ್ತಿತ್ತು. ಪಡಸಾಲೆಯ ಕೊನೆಯಲ್ಲಿ ತಾಯಂದಿರು ಕೂಸುಗಳನ್ನು ಹಿಡಿದು ಕುಳಿತಿದ್ದರು. ಎಲ್ಲರಿಗಿಂತ ಆಚೆ ಒಬ್ಬಳು, ಇಪ್ಪತ್ತು ದಾಟಿರದ ತಾಯಿ, ಸೆರಗಿನಿಂದ ಕೂಸಿನ ಮುಖ ಪೂರ್ತಿ ಮುಚ್ಚಿಕೊಂಡಿದ್ದಳು. ರುಬೀನಾ ಸೀದಾ ಹೋಗಿ ಅವಳ ಪಕ್ಕದಲ್ಲಿ ಕುಳಿತಳು.

"ಎಷ್ಟು ದಿನದ್ದು ಅಕ್ಕಾ?"

"ಹನ್ನೆರಡು ದಿನ" ಎಂದು ತಾಯಿ ಸೆರಗನ್ನು ಇನ್ನಷ್ಟು ಬಿಗಿ ಮಾಡಿದಳು.

"ಹಾಲು ಕುಡೀತೈತಿ?"

"ಮೂಗಿನ್ಯಾಗ ಬರ್ತಾವು. ನಮ್ಮತ್ತಿ ಇದನ್ನ ಯಾರಿಗೂ ತೋರಸಬ್ಯಾಡ ಅಂದಾರ."

ರುಬೀನಾ ತನ್ನ ಮುಖವನ್ನು ಅವಳ ಹತ್ತಿರಕ್ಕೆ ತಂದಳು. "ಇಲ್ಲಿ ನೋಡ್ರಿ, ನಾನೂ ಹಿಂಗ ಹುಟ್ಟಿದಾಕಿ. ನಮ್ಮವ್ವ ನನ್ನ ಕೂಡಿಸಿಕೊಂಡು ಚಮಚಾದಿಂದ ಕುಡಸ್ತಿದ್ಳಂತ. ಮಲಗಿಸಿ ಕುಡಸಬ್ಯಾಡ್ರಿ."

ಆ ತಾಯಿ ಬಹಳ ಹೊತ್ತು ನೋಡಿದಳು. ಕೊನೆಗೆ ಕೈ ಎತ್ತಿ ರುಬೀನಾಳ ಮೇಲ್ದುಟಿಯ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಸೆರಗು ಸರಿಸಿ ಕೂಸನ್ನು ತೋರಿಸಿದಳು. ದಸ್ತಗೀರಸಾಬ್ ಕಿಟಕಿಯ ಕಡೆ ತಿರುಗಿ ನಿಂತರು.

ಒಳಗೆ ಆರ್ಥೊ ವಿಭಾಗದ ಹಿರಿಯ ವೈದ್ಯರೊಬ್ಬರು ಹನ್ನೆರಡು ದಿನದ ಆ ಕೂಸಿನ ಅಂಗುಳಿಗೆ ಉಗುರಿನಷ್ಟು ಸಣ್ಣ ತಟ್ಟೆಯೊಂದನ್ನು ಕೂರಿಸಿದರು. ಸೀಳಿನ ಎರಡು ಬದಿಗಳನ್ನು ಅದು ಮೆಲ್ಲಗೆ ಹತ್ತಿರ ತರುತ್ತದಂತೆ. ನಾನು ನಿವೃತ್ತಳಾಗುವವರೆಗೂ ಕಣ್ಣಾರೆ ಕಾಣದಿದ್ದ ವಿದ್ಯೆ ಅದು. ನನ್ನ ಕಾಲದಲ್ಲಿ ಇದು ಸಿಕ್ಕಿದ್ದರೆ ರುಬೀನಾಳ ತುಟಿಯ ಗೆರೆ ಇಷ್ಟು ಎಳೆದಂತೆ ಇರುತ್ತಿರಲಿಲ್ಲವೇನೋ. ರುಬೀನಾ ಆ ವೈದ್ಯರ ಹಿಂದೆ ಒಂದು ತಾಸು ನಿಂತಳು. ನಾನು ಹೊರಗೆ ಬಂದು ಕುಳಿತೆ. ಅವಳಿಗೆ ಅಷ್ಟು ಆತುರವಾಗಿ ಬುದ್ಧಿ ಹೇಳಬಾರದಿತ್ತು ಎನಿಸಿತು.

ತಿರುಗಿ ಬರುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿದ್ದೆವು. ಅವಳು ಕೇಳಿದಳು: "ಮೇಡಂ, ನೀವು ಸರ್ಜನ್ ಆಗಬೇಕಂತಿದ್ರಿ, ಆಗಲಿಲ್ಲ. ಬ್ಯಾಸರ ಇಲ್ಲೇನ್ರಿ?"

ಇತ್ತು ಎಂದೆ. ಮೊದಲ ಹತ್ತು ವರ್ಷ ಬಹಳ ಇತ್ತು. ಆಮೇಲೆ ಸೂಡಿಯಿಂದ ಒಬ್ಬ ನಿವೃತ್ತ ಮಾಸ್ತರರು ಬಂದರು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಶ್ರಾವಣದಲ್ಲಿ ಊರಿಗೆಲ್ಲ ಪುರಾಣ ಓದುತ್ತಿದ್ದವರು, ಹಲ್ಲು ಹೋದ ಮೇಲೆ ಓದುವುದನ್ನು ಬಿಟ್ಟಿದ್ದರು. ಹಲ್ಲಿನ ಸೆಟ್ಟು ಮಾಡಿ ಕೊಟ್ಟೆ. ಮೂರೇ ದಿನಕ್ಕೆ ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. "ರೊಟ್ಟಿ ತಿನ್ನಾಕ ಬರತೈತ್ರಿ. ಆದ್ರ ಸ ಅನ್ನಾಕ ಹ್ವಾದ್ರ ಸೀಟಿ ಊದತೈತಿ. ಸರಸ್ವತಿ ಅನ್ನೂದು ಹ್ಯಾಂಗ?" ಎಂದರು. ಮುಂದಿನ ಹಲ್ಲುಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಮೇಣದಲ್ಲಿ ಮತ್ತೆ ಕೂರಿಸಿದೆ. ಐದು ಸಲ ಬಂದರು. ಐದನೆಯ ಸಲ ನನ್ನ ಕೋಣೆಯಲ್ಲೇ ನಿಂತು ಒಂದು ಇಡೀ ಪದ್ಯ ಹೇಳಿದರು. ಹೊರಗೆ ಚೀಟಿ ಹಿಡಿದು ಕುಳಿತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು.

"ಹಲ್ಲು ಕೂಡ್ರಸೂದು ನನಗ ಬರತೈತಿ ಅಂತ ಅವತ್ತ ಗೊತ್ತಾತು" ಎಂದೆ. "ಕಾಲೇಜಿನ್ಯಾಗ ಅದನ್ನ ನಾ ಕಣ್ಣೆತ್ತಿ ನೋಡಿರಲಿಲ್ಲ."

ಅವಳು ಕೇಳಿಸಿಕೊಂಡಳು. ಆಮೇಲೆ ಸಂಕೋಚದಿಂದಲೇ, "ಸಿಟ್ಟಾಗಬ್ಯಾಡ್ರಿ ಮೇಡಂ. ಹನಮವ್ವಂದು ಆದಮ್ಯಾಲೆ ನೀವು ಎಲ್ಲಾ ಕಾಲೇಜನ್ನೂ ಆಕಿ ಹುಣ್ಣಿನಿಂದನ ಅಳೀತೀರಿ" ಎಂದಳು.

ಅದು ನನಗೆ ನಾಟಿತು. ಹದಿನೇಳರ ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಹೌದು. ಅದು ನನ್ನ ಅಳತಿ. ನಿಂದು ನೀನ ನೋಡಿ ಹಿಡಿ. ಇನ್ನ ನಾ ಏನೂ ಹೇಳಂಗಿಲ್ಲ" ಎಂದೆ.

ಕೊನೆಯ ದಿನ ನರಗುಂದದ ಕಂಪ್ಯೂಟರ್ ಅಂಗಡಿಗೆ ನನ್ನನ್ನೂ ಕರೆದರು. ಹೋಗಬಾರದೆಂದುಕೊಂಡೇ ಹೋದೆ. ದಸ್ತಗೀರಸಾಬರಿಗೆ ಹೊಸ ಕಾಲೇಜೇ ಬೇಕಾಗಿತ್ತು. "ಬಾಯಾರ, ಸಣ್ಣಾಕಿದ್ದಾಗಿಂದ ದವಾಖಾನಿ ಬಾಕಿನ ಮ್ಯಾಲ ಕುಂತು ಬೆಳದ ಹುಡುಗಿರಿ. ಐದು ವರ್ಷರೆ ಚಲೋ ಜಾಗಾದಾಗ ಇರಲಿ ಅಂತೀನಿ" ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ರುಬೀನಾ ತಂದೆಯ ಕಡೆ ತಿರುಗಿದಳು. "ಅಬ್ಬಾ, ಹೊಸ ಕಾಲೇಜಿನ್ಯಾಗ ನಾ ಏನಾಗಬೇಕು ಅನ್ನೂದನ್ನ ನೋಡಿದೆ. ಆದ್ರ ಕೈ ಕಲಿಯೂದು ಹಳೇದರಾಗ. ಆ ಆರ್ಥೊ ಸರ್‌ನ ಕೇಳಿದ್ನಿ. ಬಿ.ಡಿ.ಎಸ್. ಎಲ್ಲೇ ಮಾಡು, ಸೂಟಿಯೊಳಗ ಬುಧವಾರಕ್ಕೊಮ್ಮೆ ಬಂದು ನಿಂತು ನೋಡು, ಯಾರೂ ಬ್ಯಾಡ ಅನ್ನಂಗಿಲ್ಲ ಅಂದ್ರು."

ನಾನು ಹೊರಗೆ ಕುಳಿತು ಪಶ್ಚಾತ್ತಾಪಪಡುತ್ತಿದ್ದ ಹೊತ್ತಿನಲ್ಲಿ ಅವಳು ಒಳಗೆ ಕೇಳಬೇಕಾದದ್ದನ್ನು ಕೇಳಬೇಕಾದವರಿಗೇ ಕೇಳಿಬಂದಿದ್ದಳು. ಎರಡರಲ್ಲಿ ಒಂದು ಹಿಡಿದರೆ ಇನ್ನೊಂದು ಪೂರ್ತಿ ಹೋಯಿತು ಎಂದು ನಾವು ದೊಡ್ಡವರು ತಿಳಿದಿದ್ದೆವು. ದಸ್ತಗೀರಸಾಬ್ ಮಗಳ ಕಡೆ ತಿರುಗಿ, "ನೀರಿಂದು ಹ್ಯಾಂಗವಾ?" ಎಂದಷ್ಟೇ ಕೇಳಿದರು.

"ಎರಡು ಕೊಡ ಜಾಸ್ತಿ ತುಂಬಿ ಇಡ್ತೀನಿ" ಎಂದು ಅವಳು ಹಳೆಯ ಕಾಲೇಜನ್ನು ಒತ್ತಿದಳು.

ಆಮೇಲಿನದೆಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವರ್ಷ ಅವಳು ನನಗೆ ಫೋನು ಮಾಡಿ ಅತ್ತಳು. ಮೇಣದಲ್ಲಿ ಹಲ್ಲು ಕೆತ್ತಿದ್ದನ್ನು ಮೂರು ಸಲ ತಿರಸ್ಕರಿಸಿದ್ದರು. ಹಾಸ್ಟೆಲಿನ ಊಟಕ್ಕೆ ಹೊಟ್ಟೆ ಕೆಟ್ಟಿತ್ತು. ತರಗತಿಯಲ್ಲಿ ಯಾರೋ ಅವಳ ಮಾತಿನ ಮೂಗಿನ ದನಿಯನ್ನು ಅಣಕಿಸಿದ್ದರು. "ಬಿಟ್ಟು ಬರ್ತೀನ್ರಿ" ಎಂದಳು. ಹೊಸ ಕಾಲೇಜಿಗೇ ಹೋಗು ಎಂದಿದ್ದರೆ ಚೆನ್ನಾಗಿತ್ತೇ ಎಂದು ನಾನೂ ಎಷ್ಟೋ ದಿನ ಒದ್ದಾಡಿದೆ. ಮೂರನೆಯ ವರ್ಷ ರೋಗಿಗಳ ಕೋಣೆಗೆ ಬಿಟ್ಟ ಮೇಲೆ ಅವಳ ದನಿಯೇ ಬದಲಾಯಿತು. ರಜೆಯಲ್ಲಿ ಹೊಸ ಕಾಲೇಜಿನ ಬುಧವಾರಗಳಿಗೂ ಹೋಗಿಬಂದಳು. ಒಮ್ಮೆ ಆ ಸರ್ ಊರಲ್ಲಿಲ್ಲದೆ ಇಡೀ ದಿನ ಕಾದು ಬಂದದ್ದೂ ಉಂಟು.

ಕಳೆದ ತಿಂಗಳು ನನ್ನ ಎಡಗಡೆಯ ಕೆಳದವಡೆಯ ಕೊನೆಯ ಹಲ್ಲು ಬೇರಿನವರೆಗೆ ಸೀಳಿತು. ಕೀಳಿಸದೆ ದಾರಿಯಿರಲಿಲ್ಲ. ರೋಣದ ದವಾಖಾನೆಗೆ ಹೋದೆ. ಹೌಸ್ ಸರ್ಜನ್ ಆದ ರುಬೀನಾ ಆ ತಿಂಗಳು ಅಲ್ಲಿಗೆ ಬಂದಿದ್ದಳು. ನನ್ನ ಜಾಗಕ್ಕೆ ಬಂದಿರುವ ದಂತವೈದ್ಯರು, "ನಾನು ತೆಗೀಲೇನ್ರಿ ಮೇಡಂ, ಇಲ್ಲಾ…" ಎಂದು ಅವಳ ಕಡೆ ನೋಡಿದರು. ನಾನು ರುಬೀನಾ ನಿಂತಿದ್ದ ಕುರ್ಚಿಗೆ ಹೋಗಿ ಕುಳಿತೆ.

ಇಷ್ಟು ವರ್ಷ ಆ ಕುರ್ಚಿಯ ಪಕ್ಕದಲ್ಲಿ ನಿಂತವಳು ನಾನು. ಹಿಂದಕ್ಕೆ ಒರಗಿದಾಗ ದೀಪ ಎಷ್ಟು ಹತ್ತಿರ ಬರುತ್ತದೆ, ಟ್ರೇಯಲ್ಲಿ ಇಕ್ಕಳ ಅಲುಗಿದ ಸದ್ದು ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ರುಬೀನಾ ಅವಸರ ಮಾಡಲಿಲ್ಲ. ಸೂಜಿ ಕೊಟ್ಟು, ತುಟಿ ದಪ್ಪ ಅನಿಸುತ್ತಿದೆಯೇ ಎಂದು ಎರಡು ಸಲ ಕೇಳಿ, ಕೆಲಸ ಶುರು ಮಾಡಿದಳು. ಅವಳು ಇಕ್ಕಳ ಹಿಡಿದ ಕೋನ ಸ್ವಲ್ಪ ಬೇರೆಯಾಗಬೇಕು ಅನಿಸಿ ನಾನು ಕೈ ಎತ್ತಿದೆ.

"ನೋವಾತೇನ್ರಿ?"

ಇಲ್ಲ ಎಂದು ತಲೆಯಾಡಿಸಿದೆ.

"ಹಂಗಾರ ಕೈ ಕೆಳಗಿಡ್ರಿ ಮೇಡಂ" ಎಂದಳು.

ಹಲ್ಲು ಎರಡು ತುಂಡಾಗಿ ಬಂತು. ಬೇರಿನ ತುದಿ ಪೂರ್ತಿ ಬಂದಿದೆಯೇ ಎಂದು ದೀಪಕ್ಕೆ ಹಿಡಿದು ನೋಡಿದಳು. ಗಾಯಕ್ಕೆ ಹತ್ತಿಯ ಉಂಡೆ ಇಟ್ಟು, "ಅರ್ಧ ತಾಸು ಗಟ್ಟಿ ಕಚ್ಚಿ ಹಿಡೀರಿ. ಮಾತಾಡಬ್ಯಾಡ್ರಿ" ಎಂದಳು.

ಹೊರಗೆ ಇನ್ನಾರೂ ಕಾಯುತ್ತಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ನನ್ನೆದುರು ಕುಳಿತಳು. "ಪಿ.ಜಿ. ಪರೀಕ್ಷಾ ಹತ್ರ ಬಂತ್ರಿ" ಎಂದಳು. "ಆರ್ಥೊ ಅಂತ ಇಷ್ಟು ವರ್ಷ ಖಾತ್ರಿ ಇತ್ತು. ಈಗ ಸರ್ಜರಿ ವಾರ್ಡಿನ್ಯಾಗ ಎರಡು ತಿಂಗಳು ಮಾಡಿದಮ್ಯಾಲೆ ತುಟಿ ಹೊಲಿಯೂದನ್ನ ಕಲೀಬೇಕು ಅನಸಾಕತ್ತೈತಿ. ಯಾವದು ಅಂತ ತಿಳೀವಲ್ದು."

ನನ್ನ ನಾಲಿಗೆಯ ತುದಿಗೆ ಉತ್ತರವೊಂದು ಬಂದೇಬಿಟ್ಟಿತ್ತು. ಹಲ್ಲುಗಳ ನಡುವೆ ಹತ್ತಿ ಇತ್ತು. ಅದನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿ ಹಿಡಿದೆ. ಅರ್ಧ ತಾಸು ರುಬೀನಾ ಮಾತಾಡಿದಳು, ನಾನು ಕೇಳಿದೆ.